ಕುದುರೆಗೆ ಹೆಸರಿತ್ತು

ಅಜ್ಜನ ತಮ್ಮ ವಿಲ್ಫ್ ಹಾವರ್ತ್ ಮೊದಲ ಮಹಾಯುದ್ಧದಲ್ಲಿ ಹೇಗೆ ಸತ್ತ ಅಂತ ತಿಳಿಯಲು ಲ್ಯಾಂಕಶೈರಿನ ನಮ್ಮೂರ ರೆಜಿಮೆಂಟಿನ ಮ್ಯೂಸಿಯಮ್ಮಿಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಅವನು ಸತ್ತ ದಿನದ ರೆಜಿಮೆಂಟ್ ಡೈರಿಯಲ್ಲಿ ಸತ್ತ ಅಧಿಕಾರಿಗಳ ಹೆಸರಿತ್ತು, ಕರ್ನಲ್ಲನ ಕುದುರೆಯ ಹೆಸರೂ ಇತ್ತು. ಕೊನೆಗೆ, "ಸಿಪಾಯಿಗಳು: ಹನ್ನೊಂದು."

"ಇಷ್ಟೇನಾ?" ಅಂದೆ.

"ಸಿಪಾಯಿಗಳ ಹೆಸರು ಯಾರಮ್ಮ ಬರೀತಿದ್ರು?" ಅಂದಳು ಕಡತ ತಂದುಕೊಟ್ಟ ಮುದುಕಿ ಮಿಸೆಸ್ ಎಂಟ್ವಿಸಲ್. "ನಿಮ್ಮವನ ಹೆಸರು ಮಾತ್ರ ಇಲ್ಲಿ ಜೋರಾಗಿ ಹೇಳ್ಬೇಡ."

ನನಗೆ ಮೈಯೆಲ್ಲ ಉರಿಯಿತು. ಹಾಜರಿ ಕರೆಯುವವಳ ಹಾಗೆ ಬೇಕೆಂದೇ ಕೂಗಿದೆ: "ವಿಲ್ಫ್ ಹಾವರ್ತ್!"

ಕಪಾಟಿನ ಹಿಂದಿನಿಂದ ಹಸಿ ಮಣ್ಣಿನ ವಾಸನೆ ಬಂತು. "ಇದ್ದೀನಿ ಸಾರ್," ಅಂದಿತು, ಥೇಟ್ ನಮ್ಮಜ್ಜನದೇ ದನಿ.

"ಕರೆದೇಬಿಟ್ಯಲ್ಲ," ಮುದುಕಿ ಗೊಣಗಿದಳು. "ಇನ್ನು ಉಳಿದವರನ್ನೂ ಕರಿ."

ಹತ್ತು ಜೊತೆ ಬೂಟು ಹಿಮ್ಮಡಿ ಕೂಡಿಸಿ ನಿಂತ ಸದ್ದಾಯಿತು. ನನಗೆ ಬೇರೆ ಯಾರ ಹೆಸರೂ ಗೊತ್ತಿರಲಿಲ್ಲ.