ಲೈಟ್ ಆಫ್ ಮಾಡಿ, ಆಕಾಶ ಬರ್ತಿದೆ

ಹೌದು, ಅನ್ನ ಬಸಿಯುವ ತೂತಿನ ಪಾತ್ರೆಯನ್ನು ತಲೆಗೆ ಕವುಚಿಕೊಂಡು ನೆಲದ ಮೇಲೆ ಅಂಬೆಗಾಲಿಡುತ್ತಿದ್ದವನನ್ನೇ ನಾನು ಮೆಚ್ಚಿದ್ದು. ಮೂಗು ಮುರಿಯುವವರು ಮುರಿದುಕೊಳ್ಳಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಎಲೆಕ್ಟ್ರಿಷಿಯನ್. ನನ್ನಪ್ಪನೂ ಅದೇ. ಆ ದಿನ ಒಬ್ಬ ನರ್ಸ್ ಫೋನ್ ಮಾಡಿ, "ಅಡುಗೆಮನೆ ಫ್ಯಾನ್ ತಿರುಗ್ತಿಲ್ಲ. ನಾನು ಡ್ಯೂಟೀಲಿರ್ತೀನಿ, ಮನೇಲಿ ತಮ್ಮ ಇರ್ತಾನೆ" ಎಂದಿದ್ದರು. ಮಧ್ಯಾಹ್ನ ಮೂರನೇ ಮಹಡಿ ಹತ್ತಿ ಹೋದರೆ ಬಾಗಿಲು ಓರೆಯಾಗಿತ್ತು, ಒಳಗೆ ಕಗ್ಗತ್ತಲು. ಕರೆದರೆ ಉತ್ತರವಿಲ್ಲ. ಅಭ್ಯಾಸಬಲದಿಂದ ಗೋಡೆ ತಡವಿ ಸ್ವಿಚ್ ಒತ್ತಿದೆ.

ಟ್ಯೂಬ್‌ಲೈಟ್ ಝಗ್ಗನೆ ಹತ್ತಿತು. ಅದರ ಬೆನ್ನಿಗೇ ಒಂದು ಪುಟ್ಟ ಗಂಟಲು ಕಿಟಾರನೆ ಕಿರುಚಿತು.

"ಆಕಾಶ ಹೋಯ್ತೂ!"

ವಾಷಿಂಗ್ ಮಷಿನ್ ಬಂದಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಎರಡೂವರೆ ವರ್ಷದ ಹುಡುಗಿಯೊಬ್ಬಳು ನಿಂತು ನನ್ನನ್ನು ಕೆಕ್ಕರಿಸಿ ನೋಡುತ್ತಿದ್ದಳು. ಪಕ್ಕದಲ್ಲಿ ಅವಳ ಸೋದರಮಾವ. ತಲೆಯ ಮೇಲೆ ಪಾತ್ರೆ, ಮೂಗಿನ ಮೇಲೆ ಹಿಟ್ಟು, ಕೈಯಲ್ಲಿ ಇಕ್ಕಳ. ಕಿಟಕಿಗೆಲ್ಲ ಕಂಬಳಿ ಕಟ್ಟಿದ್ದರು. ಮೊಳೆಯಿಂದ ತೂತು ಕೊರೆದ ಬಿಸ್ಕತ್ತಿನ ಡಬ್ಬದೊಳಗೆ ಟಾರ್ಚೊಂದು ಉರಿಯುತ್ತಿತ್ತು. ಕತ್ತಲಲ್ಲಿ ಅದರ ಬೆಳಕು ಚಾವಣಿಯ ತುಂಬ ನಕ್ಷತ್ರವಾಗುತ್ತಿತ್ತಂತೆ. ನಾನು ದೀಪ ಹಾಕಿ ಅಷ್ಟನ್ನೂ ಒರೆಸಿಬಿಟ್ಟಿದ್ದೆ.

"ಯಾರ್ರೀ ನೀವು? ಈಗಷ್ಟೇ ಚಂದ್ರನ ಮೇಲೆ ಇಳಿದಿದ್ವಿ" ಎಂದ ಅವನು.

"ಎಲೆಕ್ಟ್ರಿಷಿಯನ್. ಚಂದ್ರನ ಮೇಲೆ ಇಳಿಯೋರು ಬಾಗಿಲು ಹಾಕ್ಕೊಂಡು ಇಳೀಬೇಕು."

ಅವನಿಗೆ ನಗು ಬಂತು. ತಡೆಯಲು ತುಟಿ ಕಚ್ಚಿದ. ಪಾತ್ರೆ ಜಾರಿ ಕಣ್ಣಿಗೆ ಅಡ್ಡ ಬಂತು. ಅದರ ತೂತುಗಳಿಂದಲೇ ನನ್ನನ್ನು ನೋಡುತ್ತಿದ್ದಾನೆಂದು ಗೊತ್ತಾಗಿ, ಯಾಕೋ ನನ್ನ ಟೂಲ್ ಬ್ಯಾಗಿನ ಜಿಪ್ ತೆರೆಯಲೇ ಇಲ್ಲ.

ಮಗುವನ್ನು ಎಲ್ಲರೂ ಕರೆಯುತ್ತಿದ್ದದ್ದು ಬುಗುರಿ ಅಂತ. ನಿಂತಲ್ಲಿ ನಿಂತರೆ ಕೇಳಿ. ಅವನು ಮೊದಲು ನಕ್ಷೆ ಬರೆಯುವ ಆಫೀಸಿನಲ್ಲಿದ್ದ. ಒಬ್ಬಳೇ ಮಗು ಸಾಕುತ್ತಿದ್ದ ಅಕ್ಕ ಮತ್ತೆ ಆಸ್ಪತ್ರೆಯ ಕೆಲಸಕ್ಕೆ ಸೇರಬೇಕಾದಾಗ ಇವನು ರಾಜೀನಾಮೆ ಕೊಟ್ಟು ಮನೆಯಲ್ಲಿ ಕೂತ. ಕೂತ ಅನ್ನುವುದು ಜನರ ಮಾತು. ಬುಗುರಿಯ ಹಿಂದೆ ಒಂದು ಗಂಟೆ ಓಡಿದವರು ಆ ಮಾತು ಆಡಲಾರರು.

ಎಂಟು ದಿನಕ್ಕೆ ಅವನಿಂದಲೇ ಫೋನ್ ಬಂತು. ಕಾಲಿಂಗ್ ಬೆಲ್ ಕೆಟ್ಟಿದೆಯಂತೆ. ಬಿಚ್ಚಿ ನೋಡಿದರೆ ವೈರ್ ನೀಟಾಗಿ ಹೊರಗೆ ಬಂದಿತ್ತು.

"ಸ್ಕ್ರೂ ಮೇಲೆ ಗೀರು ಹೊಸದು" ಎಂದೆ.

"ಇಲಿ ಇರ್ಬೇಕು" ಎಂದ, ಕಿಟಕಿಯ ಕಡೆ ನೋಡುತ್ತ.

"ಸ್ಕ್ರೂಡ್ರೈವರ್ ಹಿಡ್ಕೊಂಡಿರೋ ಇಲಿ?"

"ಬುದ್ಧಿವಂತ ಇಲಿ. ನೀವು ಬರ್ತೀರಾ ಇಲ್ವಾ ಅಂತ ನೋಡ್ತಿತ್ತು."

ಅವನ ಕಿವಿ ಕೆಂಪಾಗಿತ್ತು. ನಾನು ವೈರನ್ನು ಐದು ನಿಮಿಷದಲ್ಲಿ ಸಿಕ್ಕಿಸಬಹುದಿತ್ತು. ಮುಕ್ಕಾಲು ಗಂಟೆ ತೆಗೆದುಕೊಂಡೆ.

ಆಮೇಲೆ ಇಲಿಯ ನೆಪವೂ ಬೇಕಾಗಲಿಲ್ಲ. ಕೆಲಸಗಳ ನಡುವೆ ಬಿಡುವು ಸಿಕ್ಕರೆ ನನ್ನ ಸ್ಕೂಟರ್ ಆ ಬೀದಿಗೇ ತಿರುಗುತ್ತಿತ್ತು. ಆ ಮನೆಯಲ್ಲಿ ಪ್ರತಿದಿನ ಒಂದೊಂದು ಯಾತ್ರೆ. ತಟ್ಟೆ ತುಂಬ ಹಿಟ್ಟು ಹರವಿ, ಎತ್ತರದಿಂದ ಚೆಂಡು ಬೀಳಿಸಿದರೆ ಚಂದ್ರನ ಗುಂಡಿಗಳು. ಉಂಡೆ ಕಟ್ಟಿದ ಕಾಲುಚೀಲಗಳು ಚಂದ್ರನ ಕಲ್ಲು. ಅವನ್ನು ಕೈಯಿಂದ ಮುಟ್ಟುವಂತಿಲ್ಲ, ಇಕ್ಕಳದಿಂದಲೇ ಹೆಕ್ಕಬೇಕು. ಸಾಲಾಗಿ ಇಟ್ಟ ದಿಂಬುಗಳ ಮೇಲೆ ಬುಗುರಿ ಹೆಜ್ಜೆ ಹಾಕುವಾಗ ಅವನು ಎರಡೂ ಕೈ ಚಾಚಿ ಹಿಂದೆಯೇ ನಡೆಯುತ್ತಿದ್ದ, ಮುಟ್ಟದೆ, ಬಿಡದೆ. ಆ ಕೈಗಳನ್ನು ನೋಡುತ್ತ ನನ್ನ ಎಷ್ಟೋ ಲೋಟ ಟೀ ಆರಿಹೋಗಿದೆ.

ಒಂದು ದಿನ ಬುಗುರಿ ಕಾಲುಚೀಲದ ಉಂಡೆಯೊಂದನ್ನು ನನ್ನ ಮಡಿಲಿಗೆ ಹಾಕಿ, "ಅತ್ತೆಗೆ ಕಲ್ಲು" ಅಂದಳು.

ಮಾಮನ ಹೆಂಡತಿ ತಾನೇ ಅತ್ತೆ? ಅವನ ಕೈಯಿಂದ ಇಕ್ಕಳ ಠಣ್ಣನೆ ಬಿತ್ತು.

"ಅಯ್ಯೋ, ನಾನ್ ಹೇಳ್ಕೊಟ್ಟಿದ್ದಲ್ಲ! ಆಣೆ!"

"ಹೇಳ್ಕೊಡ್ಬೇಕಿತ್ತು" ಎಂದೆ.

ಅವನು ಬಗ್ಗಿ ಇಕ್ಕಳ ಎತ್ತಿಕೊಂಡ. ಆಮೇಲೆ ಮೆಲ್ಲಗೆ, "ನಿಮ್ಮಪ್ಪ ಏನಂತಾರೆ?" ಎಂದ.

ಅಪ್ಪ ಅಂದದ್ದು ಇಷ್ಟು: "ಮನೇಲಿ ಮಗು ಆಡಿಸ್ಕೊಂಡಿರೋ ಗಂಡಸಾ? ನೋಡೋಣ ನಡಿ, ಎಂಥ ಗಂಡು ಅದು ಅಂತ."

ಭಾನುವಾರ ಮಧ್ಯಾಹ್ನ ಹೋದೆವು. ಬಾಗಿಲು ತೆರೆದವನನ್ನು ನೋಡಿ ಬೇರೆ ಮನೆಗೆ ಬಂದೆನೇನೋ ಅನ್ನಿಸಿತು. ಇಸ್ತ್ರಿ ಮಾಡಿದ ಅಂಗಿ, ಮನೆಯೊಳಗೇ ಬೂಟು, ಎಣ್ಣೆ ಹಚ್ಚಿ ಬಾಚಿದ ಕೂದಲು. ಕಂಬಳಿಗಳಿಲ್ಲ, ದಿಂಬುಗಳಿಲ್ಲ. ರಾಕೆಟ್ಟಾಗಿದ್ದ ರಟ್ಟಿನ ಪೆಟ್ಟಿಗೆಯನ್ನು ಮಡಚಿ ಬೀರುವಿನ ಹಿಂದೆ ತುರುಕಿದ್ದರು. ಅವನ ಅಕ್ಕ ಟೀ ತಂದಿಟ್ಟು, ನನ್ನ ಕಣ್ಣು ತಪ್ಪಿಸಿ ಒಳಗೆ ಹೋದರು.

"ಏನ್ ಕೆಲಸ?" ಎಂದರು ಅಪ್ಪ.

"ಮುಂದಿನ ವಾರದಿಂದ ಆಫೀಸಿಗೆ ಹೋಗ್ತಿದೀನಿ ಸರ್. ಇದೆಲ್ಲ... ತಾತ್ಕಾಲಿಕ."

ನನ್ನ ಮೈ ಉರಿದುಹೋಯಿತು. ಆಫೀಸಿನ ಸುದ್ದಿ ನನಗೇ ಗೊತ್ತಿರಲಿಲ್ಲ. ಹಾಗೊಂದು ಇರಲೇ ಇಲ್ಲ ಅನ್ನುವುದು ಅವನ ಕಿವಿ ನೋಡಿದರೇ ತಿಳಿಯುತ್ತಿತ್ತು.

ಅಪ್ಪ ಜೇಬಿನಿಂದ ಚಾಕ್ಲೇಟುಗಳನ್ನು ತೆಗೆದು ಬುಗುರಿಯ ಮುಂದೆ ಟೀಪಾಯಿಯ ಮೇಲೆ ಇಟ್ಟರು. "ಎಣ್ಸು ನೋಡೋಣ, ಪುಟ್ಟಿ."

ಬುಗುರಿ ಬೆರಳಿಟ್ಟು ಎಣಿಸಿದಳು. "ಐದು. ನಾಲ್ಕು. ಮೂರು. ಎರಡು. ಒಂದು!" ಕೊನೆಗೆ ಎರಡೂ ಕೈ ಎತ್ತಿ, "ಡುಂಯ್!" ಎಂದು ಹಾರಿದಳು. ರಾಕೆಟ್ ಆಟದಲ್ಲೇ ಎಣಿಕೆ ಕಲಿತವಳು ಅವಳು. ಅವಳ ಲೋಕದಲ್ಲಿ ಎಲ್ಲವೂ ಐದರಿಂದಲೇ ಶುರು.

"ಚೆನ್ನಾಗಿದೆ" ಎಂದರು ಅಪ್ಪ ಒಣದನಿಯಲ್ಲಿ. "ದಿನವಿಡೀ ಮನೇಲಿದ್ದು ಎಣಿಕೇನೂ ತಲೆಕೆಳಗು ಮಾಡಿ ಕಲ್ಸಿದಾರೆ."

ಅವನು ತಲೆ ತಗ್ಗಿಸಿದ. ಬುಗುರಿ ಒಬ್ಬೊಬ್ಬರ ಮುಖವನ್ನೂ ನೋಡಿ, "ಮಾಮಾ, ರಾಕೆಟ್ ಎಲ್ಲಿ?" ಎಂದಳು. ಕೇಳಿದವಳೇ ಅಡುಗೆಮನೆಗೆ ಓಡಿ ಪಾತ್ರೆ ಎಳೆದುಕೊಂಡು ಬಂದು ಅವನ ಬೂಟಿನ ಪಕ್ಕ ಇಟ್ಟಳು. ಅವನು ಅದನ್ನು ಮೆಲ್ಲಗೆ ಸೋಫಾದ ಕೆಳಗೆ ಸರಿಸಿದ.

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಎದ್ದೆ. ಸೋಫಾದ ಕೆಳಗಿನಿಂದ ಪಾತ್ರೆ ಎಳೆದು ನನ್ನ ತಲೆಗೇ ಹಾಕಿಕೊಂಡೆ. ಬೀರುವಿನ ಹಿಂದಿನಿಂದ ರಾಕೆಟ್ ಎಳೆದು ಬಿಡಿಸಿ ನಡುಮನೆಯಲ್ಲಿ ನಿಲ್ಲಿಸಿದೆ.

"ಏನೇ ಇದು, ಹುಚ್ಚುಗಿಚ್ಚು ಹಿಡೀತಾ?" ಎಂದರು ಅಪ್ಪ.

"ಅಪ್ಪಾ, ನಂಗೆ ಹದಿನಾರು ವರ್ಷ ಇದ್ದಾಗ ಮೊದಲನೇ ಸಲ ನನ್ನನ್ನ ಏಣಿ ಹತ್ಸಿದ್ರಿ. ಚಿಕ್ಕಪ್ಪ ಏನಂದ್ರು?"

ಅಪ್ಪ ಟೀ ಲೋಟ ಕೆಳಗಿಟ್ಟರು.

"ಹೆಣ್ಣುಮಗು ಕೈಗೆ ಟೆಸ್ಟರ್ ಕೊಟ್ಟಿದಾನೆ, ಇವನ ತಲೆ ಕೆಟ್ಟಿದೆ ಅಂದ್ರು. ನೀವೇನಂದ್ರಿ? ಬೀದಿಗೆಲ್ಲ ಕೇಳೋ ಹಾಗೆ ಅಂದ್ರಲ್ಲ? ನನ್ನ ಮಗಳು, ನನ್ನ ಏಣಿ, ನಿಂಗೇನಯ್ಯಾ ಕಷ್ಟ ಅಂತ."

"ಅದು ಬೇರೆ."

"ಒಂಚೂರೂ ಬೇರೆ ಅಲ್ಲ. ನನ್ನ ಬಾಳು, ನನ್ನ ರಾಕೆಟ್. ನನಗೆ ಇವರೇ ಬೇಕು. ಆಫೀಸಿಗೆ ಹೋಗೋ ಇವರಲ್ಲ, ಈ ಪಾತ್ರೆ ಹಾಕ್ಕೊಳ್ಳೋ ಇವರು."

ಆಮೇಲೆ ಅವನ ಕಡೆ ತಿರುಗಿದೆ. "ನೀವು ಇದಕ್ಕೆ ನಾಚ್ಕೊಳ್ಳೋದಾದ್ರೆ ಈಗ್ಲೇ ಹೇಳಿ. ಪಾತ್ರೆ ಇಲ್ಲಿಟ್ಟು ಹೋಗ್ತೀನಿ, ಫ್ಯಾನ್ ಕೆಟ್ರೂ ಬರಲ್ಲ."

ಧೈರ್ಯವಾಗಿಯೇ ಹೇಳಿದೆ. ಆದರೆ ತಲೆಯ ಮೇಲಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ. ಒಂದು ಬೂಟು, ಇನ್ನೊಂದು ಬೂಟು. ಬರಿಗಾಲಲ್ಲಿ ಎದ್ದು ಅಪ್ಪನ ಮುಂದೆ ನಿಂತ.

"ಸರ್, ನಾನ್ ಸುಳ್ಳು ಹೇಳ್ದೆ. ನಂಗೆ ಯಾವ ಆಫೀಸೂ ಇಲ್ಲ. ಇವಳು ಶಾಲೆಗೆ ಹೋಗೋವರೆಗೂ ಇವಳನ್ನ ನೋಡ್ಕೊಳ್ಳೋದೇ ನನ್ನ ಕೆಲಸ. ನಂಗೆ ಇದು ಚೆನ್ನಾಗಿ ಬರುತ್ತೆ. ಸುಳ್ಳು ಹೇಳಿದ್ದಕ್ಕೆ ಕ್ಷಮೆ ಕೇಳ್ತೀನಿ. ಈ ಕೆಲಸಕ್ಕಲ್ಲ."

ಅಪ್ಪ ಅವನ ಬರಿಗಾಲು ನೋಡಿದರು. ಎದ್ದು, ಬಾಗಿಲ ಕಡೆ ನಡೆದು, ಹಿಡಿಕೆಯ ಮೇಲೆ ಕೈಯಿಟ್ಟು ನಿಂತರು. ಅಷ್ಟರಲ್ಲಿ ಬುಗುರಿ ಕಂಬಳಿ ಎಳೆದು ತಂದಿದ್ದಳು, ಅವಳ ಅಮ್ಮ ಒಳಗಿನಿಂದ ಬಂದು ಮಾತಿಲ್ಲದೆ ಕಿಟಕಿಗಳಿಗೆ ಕಟ್ಟುತ್ತಿದ್ದರು. ಕತ್ತಲಾಗಿ ಏನೂ ಕಾಣದಾದಾಗ ಅವನು ದೀಪ ಹಾಕಿ, ಡಬ್ಬದೊಳಗೆ ಟಾರ್ಚ್ ಹೊತ್ತಿಸಿಟ್ಟ. ನಾವಿಬ್ಬರೂ ರಾಕೆಟ್ಟಿನೊಳಗೆ ಹೇಗೋ ತುರುಕಿಕೊಂಡೆವು. ಬುಗುರಿ ನಡುವೆ ನಿಂತಳು. ಮಂಡಿಗೆ ಮಂಡಿ ತಗುಲುತ್ತಿತ್ತು.

"ಐದು. ನಾಲ್ಕು. ಮೂರು. ಎರಡು. ಒಂದು..." ಬುಗುರಿ ತಟ್ಟನೆ ನಿಲ್ಲಿಸಿದಳು. ಚಾವಣಿ ನೋಡಿದಳು. ಆಮೇಲೆ ಬಾಗಿಲಲ್ಲಿ, ಸ್ವಿಚ್ ಬೋರ್ಡಿನ ಪಕ್ಕ ನಿಂತಿದ್ದ ಅಪ್ಪನನ್ನು ನೋಡಿದಳು.

"ತಾತಾ! ಲೈಟ್ ಆಫ್!"

ಮೂವತ್ತು ವರ್ಷ ಊರಿಗೆಲ್ಲ ದೀಪ ಹಾಕಿಕೊಟ್ಟ ಮನುಷ್ಯ ನಮ್ಮಪ್ಪ. ಹಿಡಿಕೆಯ ಮೇಲಿದ್ದ ಕೈಯನ್ನು ನೋಡಿಕೊಂಡರು, ನನ್ನನ್ನು ನೋಡಿದರು. ಟಕ್ಕೆಂದು ಸದ್ದಾಯಿತು.

ಚಾವಣಿಯ ತುಂಬ ನಕ್ಷತ್ರ.

ಕತ್ತಲಲ್ಲಿ ಅವನ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. "ನನ್ನ ಮದುವೆ ಆಗ್ತೀಯಾ?" ಎಂದು ಪಿಸುಗುಟ್ಟಿದ. ನೀವು ಹೋಗಿ ನೀನು ಬಂದಿತ್ತು, ಮೊದಲನೇ ಸಲ.

"ಜೋರಾಗಿ ಕೇಳು" ಎಂದೆ. "ಎಲ್ರಿಗೂ ಕೇಳಿಸ್ಲಿ."

"ನನ್ನ ಮದುವೆ ಆಗ್ತೀಯಾ?" ಪಕ್ಕದ ಮನೆಗೂ ಕೇಳಿಸಿರಬೇಕು.

"ಆಗ್ತೀನಿ!"

"ಡುಂಯ್!" ಎಂದಳು ಬುಗುರಿ.

ಬಾಗಿಲ ಕಡೆಯಿಂದ ಅಪ್ಪ ಗಂಟಲು ಸರಿಪಡಿಸಿಕೊಂಡ ಸದ್ದು. ಹೋಗಿರಲಿಲ್ಲ.

"ಕೇಳಿಸ್ತು, ಕೇಳಿಸ್ತು" ಎಂದರು. "ಈಗ ಲೈಟ್ ಹಾಕ್ಲಾ?"

"ಬೇಡ!" ಎಂದೆವು ಮೂವರೂ.

ಅಪ್ಪ ಹಾಕಲಿಲ್ಲ.