ಅತ್ತೆಯ ಕೈಬಳೆ

ಮರೆವು ಹತ್ತಿದ ಅತ್ತೆ ಮನೆ ದಾಟಿದರೆ ನನ್ನ ಫೋನಿಗೆ ತಿಳಿಯಲೆಂದು ನಾನೇ ಬಳೆಯೊಂದನ್ನು ಮಾಡಿಸಿ, ಅದರೊಳಗೆ ಚಿಪ್ ಕೂರಿಸಿ ಅವರಿಗೆ ತೊಡಿಸಿದ್ದೆ. ಚಿಪ್ಪಿನ ವಿಷಯ ಅವರಿಗೆ ಹೇಳಿರಲಿಲ್ಲ.

"ಹೆತ್ತ ಮಗಳೂ ಕೊಡಿಸ್ಲಿಲ್ಲ, ಸೊಸೆ ಮಾಡಿಸಿದ್ದಾಳೆ, ನೋಡ್ರೇ!" ಎಂದು ಅವರು ಬೀದಿಗೆಲ್ಲ ತೋರಿಸುವಾಗ ನಾನು ತಲೆ ತಗ್ಗಿಸುತ್ತಿದ್ದೆ.

ಅತ್ತೆ ತೀರಿಕೊಂಡ ಮೇಲೆ ಬ್ಯಾಟರಿ ತೆಗೆದು ಬಳೆಯನ್ನು ಬೀರುವಿನಲ್ಲಿಟ್ಟೆ. ಒಂದು ಮಧ್ಯಾಹ್ನ ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿದ್ದಾಗ, ಬಳೆ ಮನೆ ದಾಟಿದೆಯೆಂದು ಫೋನಿಗೆ ಸಂದೇಶ ಬಂತು. ಗಂಡನಿಗೆ ಕರೆ ಮಾಡಿದೆ.

"ಬೀರುವಲ್ಲೇ ಇದೆ ಕಣೇ. ಆದ್ರೆ ಯಾಕೋ ಬೆಚ್ಚಗಿದೆ, ಈಗಷ್ಟೇ ಕೈಯಿಂದ ಬಿಚ್ಚಿಟ್ಟ ಹಾಗೆ," ಎಂದರು.

ಫೋನಿನ ನಕ್ಷೆಯಲ್ಲಿ ಬಳೆಯ ಚುಕ್ಕೆ ಪ್ರತಿ ಮನೆಯೆದುರೂ ನಿಂತು ನಿಂತು ನನ್ನತ್ತ ಬರುತ್ತಿತ್ತು. ಕೊನೆಗೆ ಪ್ರಯೋಗಾಲಯದ ನನ್ನ ಕೋಣೆಯ ಹೊರಗೆ ನಿಂತಿತು. ಯಾವ ಮುಖ ಇಟ್ಟುಕೊಂಡು ಬಾಗಿಲು ತೆರೆಯಲಿ? ತೆರೆಯಲಿಲ್ಲ.

ಸಂಜೆಯವರೆಗೂ ಅದು ಅಲ್ಲಿಂದ ಕದಲಲಿಲ್ಲ.