ನಲವತ್ತೇಳು, ಕಲ್ಲು ಮೂವತ್ತೊಂದು

"ನಾನೊಬ್ಬರನ್ನ ಕೊಂದೆ ಅಂತ ಎಲ್ಲರೂ ಹೇಳ್ತಿದಾರೆ. ನಿಜಾನಾ ಅಂತ ನೀವು ನೋಡಿ ಹೇಳಬೇಕು," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಗಸು.

ನಾದಿನಿ ಆಗಷ್ಟೇ ಗ್ಯಾಸ್ ಆರಿಸಿದ್ದೇನೆಯೋ ಇಲ್ಲವೋ ಎಂದು ಮೂರನೇ ಸಲ ನೋಡಿ ಬಂದಿದ್ದಳು. ಆ ಮಾತು ಕೇಳಿ ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಅತ್ತಿಗೆ ಮಾತ್ರ ಕನ್ನಡಕ ಏರಿಸಿಕೊಂಡು, "ಕೂತ್ಕೋ. ಮೊದಲಿಂದ ಹೇಳು," ಎಂದರು.

ಅತ್ತಿಗೆ ರಸ್ತೆ ಇಲಾಖೆಯಲ್ಲಿ ಮೂವತ್ತು ವರ್ಷ ನಕ್ಷೆ ಬರೆದು ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ, ಮದುವೆಯಾಗದೆ ಉಳಿದ ನಾದಿನಿಯ ಜೊತೆ ಇದ್ದರು. ಪೊಲೀಸರು ಕೈಚೆಲ್ಲಿದ ನಾಲ್ಕಾರು ಪ್ರಕರಣಗಳನ್ನು ಬಿಡಿಸಿಕೊಟ್ಟ ಮೇಲೆ ಇಂಥವರು ಮನೆಗೆ ಬರುವುದು ರೂಢಿಯಾಗಿತ್ತು. ನಾದಿನಿಯ ಪಾಲಿಗೆ ಎರಡು ಕೆಲಸ: ಬರೆದುಕೊಳ್ಳುವುದು, ಹೆದರುವುದು.

ಬಂದವಳು ಆಂಬುಲೆನ್ಸ್ ಕಂಟ್ರೋಲ್ ರೂಮಿನ ಆಪರೇಟರ್. ಹಿಂದಿನ ಮಂಗಳವಾರ ಬೆಳಿಗ್ಗೆ ಹೆದ್ದಾರಿ ಬದಿಯ ಟೈರ್ ಅಂಗಡಿಯೊಂದರಲ್ಲಿ ಲಾರಿ ಚಕ್ರಕ್ಕೆ ಗಾಳಿ ತುಂಬುವಾಗ ಟೈರನ್ನು ಹಿಡಿದಿಡುವ ಕಬ್ಬಿಣದ ಬಳೆ ಹಾರಿ ಯಜಮಾನನ ತೊಡೆ ಸೀಳಿತ್ತು. ಅಂಗಡಿಯ ಮೆಕ್ಯಾನಿಕ್ ಫೋನ್ ಮಾಡಿದ. ಅವನು ಹೇಳಿದ ರಸ್ತೆ ನಂಬರು, ಕಿಲೋಮೀಟರ್ ಕಲ್ಲಿನ ನಂಬರನ್ನು ಇವಳು ಟೈಪ್ ಮಾಡಿದಳು. ಆನ್‌ಲೈನ್ ಮ್ಯಾಪು ಚುಕ್ಕೆ ತೋರಿಸಿತು, ಗಾಡಿ ಹೋಯಿತು. ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಂಗಡಿ ಇದ್ದದ್ದು ಬೆಟ್ಟದ ಈಚೆ, ಗಾಡಿ ಹೊರಟ ಜಾಗದಿಂದ ಹನ್ನೆರಡೇ ನಿಮಿಷದ ದಾರಿ. ಗಾಡಿ ಬೆಟ್ಟದಾಚೆ ಹೋಗಿ, ಹುಡುಕಿ, ವಾಪಸು ಬರುವಷ್ಟರಲ್ಲಿ ಒಂದು ಗಂಟೆ ಹತ್ತು ನಿಮಿಷ. ಯಜಮಾನ ಸತ್ತಿದ್ದ.

"ನಾನು ನಂಬರ್ ತಪ್ಪು ಹೊಡೆದೆ ಅಂತ ಅವರ ತಮ್ಮ ದೂರು ಕೊಟ್ಟಿದಾನೆ. ನಾಳಿದ್ದು ವಿಚಾರಣೆ. ಕೆಲಸ ಹೋಗುತ್ತೆ, ಅದಿರಲಿ. ಜೈಲು ಅಂತಿದಾರೆ. ನನ್ನ ಮಗಳು ಶಾಲೆಗೆ ಹೋಗಲ್ಲ ಅಂತ ಕೂತಿದಾಳೆ ಮೇಡಂ. ‘ನಿಮ್ಮಮ್ಮ ಜನರನ್ನ ಸಾಯಿಸ್ತಾಳಂತೆ’ ಅಂತಾರಂತೆ."

ಅವಳು ನಿಯಮ ಮೀರಿ ಫೋನಿನಲ್ಲಿ ತಂದಿದ್ದ ರೆಕಾರ್ಡಿಂಗನ್ನು ಅತ್ತಿಗೆ ಮೂರು ಸಲ ಕೇಳಿದರು.

"ಆಂಬುಲೆನ್ಸಾ? ಟೈರ್ ಅಂಗಡಿ, ಬೇಗ ಬನ್ನಿ, ರಕ್ತ ನಿಲ್ತಿಲ್ಲ," ಎನ್ನುತ್ತಿತ್ತು ಗಂಡಸಿನ ದನಿ. ಎಲ್ಲಿ ಎಂದು ಆಪರೇಟರ್ ಕೇಳುತ್ತಾಳೆ. "ಇಲ್ಲೇ, ರಸ್ತೆ ಪಕ್ಕ... ಇರಿ, ಇರಿ. ಹೆದ್ದಾರಿ ನಲವತ್ತೇಳು. ಕಲ್ಲು ಮೂವತ್ತೊಂದು." ಅದರ ಹಿಂದೆಯೇ ಇನ್ನೊಂದು ದನಿ, ದೂರದಿಂದ, ಏದುಸಿರಿನಲ್ಲಿ: "ಮುರುಕು ಸೇತುವೆ. ಮುರುಕು ಸೇತುವೆ—" ಆಮೇಲೆ ಸುಯ್ಯೆಂದು ಗಾಳಿ ನುಗ್ಗುವ ಸದ್ದು. ಸ್ವಲ್ಪ ಹೊತ್ತಿಗೆ ಯಂತ್ರವೊಂದು ಡಬಡಬ ಶುರುವಾಗಿ ಎಲ್ಲವೂ ಮುಳುಗಿಹೋಯಿತು.

"ಸೇತುವೆ ಅಂದವರು ಯಾರು?"

"ಗಾಯ ಆದವರು. ನೋವಲ್ಲಿ ಬಡಬಡಿಸ್ತಿದ್ರು ಅಂದ್ಕೊಂಡೆ."

"ಫೋನ್ ಎಲ್ಲಿದೆ ಅಂತ ನಿಮಗೆ ಕಾಣಲ್ವಾ?"

"ಟವರ್ ಕಾಣುತ್ತೆ. ಅದು ಬೆಟ್ಟದ ನೆತ್ತಿ ಮೇಲಿದೆ, ಎರಡೂ ಕಡೆಗೆ ಅದೇ. ಆಮೇಲೆ ತಿರುಗಿ ಫೋನ್ ಮಾಡ್ದೆ. ಮೆಕ್ಯಾನಿಕ್ ‘ಮೂವತ್ತೊಂದನೇ ಕಲ್ಲಿನ ಪಕ್ಕದಲ್ಲೇ ನಿಂತಿದೀನಿ’ ಅಂದ. ನಮ್ಮ ಡ್ರೈವರ್‌ನ ಕೇಳಿದ್ರೆ ಅವನೂ ‘ಅದೇ ಕಲ್ಲಿನ ಪಕ್ಕ ನಿಂತಿದೀನಿ’ ಅಂದ."

ಅತ್ತಿಗೆ ನಕ್ಕರು. ಆ ನಗು ನಾದಿನಿಗೆ ಯಾವತ್ತೂ ಹಿಡಿಸಿದ್ದಲ್ಲ.

"ಇಬ್ಬರೂ ನಿಜಾನೇ ಹೇಳಿದಾರೆ. ಎರಡು ವರ್ಷದ ಹಿಂದೆ ಇಲಾಖೆಯವರು ಬೆಟ್ಟದ ಈಚೆ ರಸ್ತೆ, ಆಚೆ ರಸ್ತೆ ಎರಡರ ನಂಬರನ್ನೂ ಅದಲುಬದಲು ಮಾಡಿದ್ರು. ಈಚೆ ಕಲ್ಲಿಗೆಲ್ಲ ಹೊಸ ನಂಬರ್ ಬರೆದಾಯ್ತು. ಆಚೆಗೆ ಬಣ್ಣದ ಡಬ್ಬಿ ಇನ್ನೂ ಹೋಗಿಲ್ಲ. ಅಲ್ಲಿಗೆ ನಲವತ್ತೇಳರ ಮೂವತ್ತೊಂದನೇ ಕಲ್ಲು ಎರಡಾಯ್ತು. ಮ್ಯಾಪಿನವರು ಹಳೇ ನಂಬರನ್ನೇ ಹಾಕ್ಕೊಂಡು ಕೂತಿದಾರೆ. ನೀನು ತಪ್ಪು ಟೈಪ್ ಮಾಡಿಲ್ಲ."

ಆಪರೇಟರ್ ಉಸಿರು ಬಿಟ್ಟಳು. "ಹಾಗಾದ್ರೆ ಮ್ಯಾಪಿಂದೇ ತಪ್ಪು."

"ಮ್ಯಾಪಿಗೆ ಕಣ್ಣಿಲ್ಲ. ಕಣ್ಣಿದ್ದವರು ಅಲ್ಲಿ ಯಾರಿದ್ರು ಅಂತ ನೋಡ್ಬೇಕು."

ಮಧ್ಯಾಹ್ನ ಅತ್ತಿಗೆ, ನಾದಿನಿ ಇಬ್ಬರೇ ಅಂಗಡಿಗೆ ಹೋದರು. ಮುಂದೆ ತಗಡಿನ ಚಪ್ಪರ, ಹಿಂದೆ ಮನೆ. ಟ್ಯೂಬು ಅದ್ದಿ ನೋಡುವ ತೊಟ್ಟಿಯ ನೀರಿನ ಮೇಲೆ ಎಣ್ಣೆ ತೇಲುತ್ತಿತ್ತು. ನೆಲದ ಒಂದು ಭಾಗವನ್ನು ತಿಕ್ಕಿ ತಿಕ್ಕಿ ತೊಳೆದಿದ್ದರು. ಅಷ್ಟು ಜಾಗ ಮಾತ್ರ ಬೆಳ್ಳಗಿತ್ತು. ನಾದಿನಿ ಅದನ್ನು ಬಳಸಿಕೊಂಡು ನಡೆದಳು. ರಸ್ತೆಯ ಆಚೆ ಬದಿಗೆ, ಎದುರಿಗೇ, ಆ ಕಲ್ಲು.

ಸತ್ತವನ ತಮ್ಮ ಓಡಿಬಂದು ಕುರ್ಚಿ ಒರೆಸಿ ಹಾಕಿದ. ಅವನನ್ನು ಎಲ್ಲರೂ ಸ್ಟೆಪ್ನಿ ಎನ್ನುತ್ತಿದ್ದರು. ಲಾರಿಯ ಹಿಂದೆ ನೇತುಬೀಳುವ, ಬೇಕಾದಾಗಷ್ಟೇ ಇಳಿಸುವ ಚಕ್ರದ ಹೆಸರು, ಇಟ್ಟವನು ಅಣ್ಣನೇ. "ನನ್ನ ಕೈಯಲ್ಲೇ ಹೋದ್ರು ಮೇಡಂ. ಗಾಯ ಒತ್ತಿ ಹಿಡ್ಕೊಂಡು ಅಲ್ಲಾಡದೆ ಕೂತಿದ್ದೆ. ಆ ಹೆಂಗಸು ಒಂದು ನಂಬರ್ ನೆಟ್ಟಗೆ ಹೊಡೆದಿದ್ರೆ..." ಎಂದು ಕಣ್ಣೊರೆಸಿಕೊಂಡ. ನಾದಿನಿಗೆ ಅಯ್ಯೋ ಅನ್ನಿಸಿತು.

ಮೆಕ್ಯಾನಿಕ್ ನಲವತ್ತರ ಆಸುಪಾಸಿನವನು, ಕೆಲಸಕ್ಕೆ ಸೇರಿ ಮೂರು ವಾರವಾಗಿತ್ತು. "ಪೈಪನ್ನ ಅಲ್ಲೇ ಬಿಸಾಕಿ ಓಡಿದೆ. ಅದರ ಹಿಡಿ ಒತ್ತಿದ್ರೆ ಮಾತ್ರ ಗಾಳಿ, ಬಿಟ್ರೆ ಬಂದ್. ಆ ಸಿಡಿತಕ್ಕೆ ನನ್ನ ಕಿವಿ ಗುಂಯ್ ಅಂತಿತ್ತು. ಫೋನ್ ಕಿವಿಗೆ ಒತ್ತಿ ಹಿಡಿದಿದ್ದಕ್ಕೆ ಆಯಮ್ಮನ ಮಾತು ಕೇಳಿಸ್ತು, ಬೇರೇನೂ ಇಲ್ಲ." ಸ್ಟೆಪ್ನಿ ಆ ಕಡೆ ಹೋದ ಮೇಲೆ ದನಿ ತಗ್ಗಿಸಿದ. "ಅವತ್ತು ಬೆಳಿಗ್ಗೆ ಒಬ್ಬ ಲಾರಿ ಡ್ರೈವರ್ ಯಜಮಾನ್ರಿಗೆ ‘ನೀನು ತೆರೀತಿರೋ ಹೊಸ ಅಂಗಡಿನ ತಮ್ಮನಿಗೆ ವಹಿಸು’ ಅಂದ. ‘ಸ್ಟೆಪ್ನಿನ ಯಾರಾದ್ರೂ ಮುಂದಿನ ಚಕ್ರಕ್ಕೆ ಹಾಕ್ತಾರಾ? ಇವನಿಗೆ ವಹಿಸ್ತೀನಿ’ ಅಂತ ನನ್ನ ಬೆನ್ನು ತಟ್ಟಿದ್ರು. ಎಲ್ಲ ನಕ್ಕರು. ತಮ್ಮನವರೂ ನಕ್ಕರು."

ಒಳಗೆ ಯಜಮಾನನ ಹೆಂಡತಿ ಗೋಡೆಗೊರಗಿ ಕೂತಿದ್ದಳು. "ಬಟ್ಟೆ ತರೋಕೆ ಒಳಗೆ ಬಂದೆ. ಕಪಾಟಿನ ಬೀಗದ ಕೈ ಸಿಗಲಿಲ್ಲ. ಬಟ್ಟೆ ತಗೊಂಡು ಬರೋ ಹೊತ್ತಿಗೆ ಕಂಪ್ರೆಸರ್ ಬಡ್ಕೋತಿತ್ತು, ನಾನೇ ಆರಿಸ್ದೆ. ಅಷ್ಟೊತ್ತಿಗೆ ಇವರ ಮಾತು ನಿಂತಿತ್ತು. ಯಾವುದಾದ್ರೂ ಲಾರಿಗೆ ಹಾಕ್ಕೊಂಡು ಹೋಗೋಣ ಅಂದೆ. ‘ಅಲ್ಲಾಡಿಸಿದ್ರೆ ರಕ್ತ ಜಾಸ್ತಿ ಹೋಗುತ್ತೆ, ಫೋನ್ ಆಗಿದೆ, ಈಗ ಬರ್ತಾರೆ’ ಅಂದ ಮೈದುನ."

ಕೌಂಟರಿನ ಹಿಂದೆ, ಒಳಬದಿಯ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿತ್ತು: ‘ಫೋನಿನಲ್ಲಿ ನಂಬರ್ ಹೇಳಬೇಡಿ. ಮುರುಕು ಸೇತುವೆ ರಸ್ತೆ ಅನ್ನಿ.’

"ಅದಾ? ನಂಬರ್ ಹಿಡ್ಕೊಂಡು ಬರೋರೆಲ್ಲ ಬೆಟ್ಟದಾಚೆ ಹೋಗಿ ನಿಲ್ತಿದ್ರು. ದಿನಾ ನಾಲ್ಕು ಜನ. ಅವರಿಗೆಲ್ಲ ಫೋನಲ್ಲಿ ದಾರಿ ಹೇಳೋದು ಮೈದುನನ ಕೆಲಸ."

ನಾದಿನಿಯ ಪೆನ್ನು ನಿಂತಿತು. ಅತ್ತಿಗೆ ಅವಳ ಮುಖ ನೋಡಿ, "ಈಗ ಬೇಡ ತಾಯಿ, ನಾಳೆ," ಎಂದರು.

ಮರುದಿನ ಹತ್ತು ಗಂಟೆಗೆ ಚಪ್ಪರದ ಕೆಳಗೆ ಎಲ್ಲರೂ ಸೇರಿದರು. ತನಿಖೆಯ ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಆಪರೇಟರ್ ಕಂಬಕ್ಕೆ ಅಂಟಿಕೊಂಡು ನಿಂತಿದ್ದಳು. ಅತ್ತಿಗೆ ಎರಡು ಕಲ್ಲುಗಳ ವಿಷಯ ಹೇಳಿ ಮುಗಿಸಿದಾಗ ಇನ್ಸ್‌ಪೆಕ್ಟರ್ ಡೈರಿ ಮಡಿಸಿದ. "ಅಂದ್ರೆ ಯಾರ ತಪ್ಪೂ ಇಲ್ಲ. ಮ್ಯಾಪಿಂದು."

"ಕೂತ್ಕೊಳ್ಳಿ. ಇನ್ನೂ ಗಾಳಿ ತುಂಬೋದಿದೆ."

ಹೆಂಡತಿಯನ್ನು ಒಳಗೆ, ಕಪಾಟಿನ ಬಳಿ ನಿಲ್ಲಿಸಿದರು. ಮೆಕ್ಯಾನಿಕ್ ಚಪ್ಪರದ ಅಂಚಿನಲ್ಲಿ ಫೋನ್ ಹಿಡಿದು ನಿಂತ. ಸ್ಟೆಪ್ನಿಯನ್ನು ಬೆಳ್ಳಗಿನ ನೆಲದ ಪಕ್ಕದಲ್ಲಿ ಮಂಡಿಯೂರಿಸಿದರು. ಗಾಳಿ ಪೈಪು ಅವತ್ತು ಬಿದ್ದಲ್ಲೇ ಬಿತ್ತು. ಅದರ ಹಿಡಿ ಅವನ ಬಲಗಾಲಿಗೆ ಒಂದು ಗೇಣು ದೂರದಲ್ಲಿ.

"ನೀನು ‘ರಸ್ತೆ ಪಕ್ಕ’ ಅಂದವನು ‘ಇರಿ, ಇರಿ’ ಅಂದೆ. ಆಮೇಲೆ ನಂಬರ್ ಹೇಳ್ದೆ. ಕಲ್ಲು ನೋಡು ಅಂತ ಯಾರು ಹೇಳಿದ್ರು?" ಎಂದು ಅತ್ತಿಗೆ ಮೆಕ್ಯಾನಿಕ್‌ನನ್ನು ಕೇಳಿದರು.

"ಯಾರೂ ಹೇಳಲಿಲ್ಲಮ್ಮ. ನನಗೆ ಕಿವಿನೇ ಕೇಳ್ತಿರಲಿಲ್ಲವಲ್ಲ," ಎಂದ ಮೆಕ್ಯಾನಿಕ್. "ಈ ತಮ್ಮನವರು ಕಲ್ಲಿನ ಕಡೆ ಗದ್ದ ಎತ್ತಿ ತೋರಿಸಿದ್ರು."

"ಮೂರು ವಾರದ ಆಳಿಗೆ ಗೊತ್ತಿರಲಿಲ್ಲ. ದಿನಾ ನಾಲ್ಕು ಜನಕ್ಕೆ ‘ನಂಬರ್ ನಂಬಬೇಡಿ’ ಅಂತ ಹೇಳೋನಿಗೆ ಗೊತ್ತಿತ್ತು," ಎಂದರು ಅತ್ತಿಗೆ. "ನೆಲದ ಮೇಲೆ ಬಿದ್ದೋನಿಗೂ ಗೊತ್ತಿತ್ತು. ಆತ ಬಡಬಡಿಸ್ತಿರಲಿಲ್ಲ. ವಿಳಾಸ ಸರಿಮಾಡ್ತಿದ್ದ. ಎರಡು ಸಲ."

ಅವರು ಹಿಡಿಯನ್ನು ಚಪ್ಪಲಿಯಿಂದ ತುಳಿದರು. ಸುಯ್ಯೆಂದು ಗಾಳಿ. ನಾದಿನಿ ಮನಸ್ಸಿನಲ್ಲೇ ಎಣಿಸಿದಳು. ಹನ್ನೊಂದಕ್ಕೆ ಕಂಪ್ರೆಸರ್ ಡಬಡಬ ಎಂದು ತಾನಾಗಿಯೇ ಶುರುವಾಯಿತು. ಇನ್ಸ್‌ಪೆಕ್ಟರನ ಬಾಯಿ ಆಡಿತು, ಮಾತು ಕೇಳಲಿಲ್ಲ. ಹೆಂಡತಿ ಹೊರಬಂದು, ಯಾರೂ ಹೇಳದೆಯೇ, ಸ್ವಿಚ್ ಆರಿಸಿದಳು.

"ಟ್ಯಾಂಕಿನಲ್ಲಿ ಗಾಳಿ ಇಳಿದ್ರೆ ಮಾತ್ರ ಇದು ಹೊತ್ಕೊಳ್ಳೋದು. ರೆಕಾರ್ಡಿಂಗಿನಲ್ಲಿ ಮೊದಲು ಸೇತುವೆ, ಆಮೇಲೆ ಗಾಳಿ, ಆಮೇಲೆ ಯಂತ್ರ. ಆ ಹೊತ್ತಿಗೆ ಈಕೆ ಒಳಗೆ. ಇವನು ಫೋನಿನಲ್ಲಿ. ಬಿದ್ದೋನು ಬಿದ್ದಿದ್ದ. ಹಿಡಿ ತುಳಿಯೋಕೆ ಉಳಿದದ್ದು ಒಂದೇ ಕಾಲು. ಹಾವೂ ಸಾಯಬೇಕು, ಕೋಲೂ ಮುರೀಬಾರದು."

ಸ್ಟೆಪ್ನಿ ಮಂಡಿಯ ಮೇಲೆಯೇ ಇದ್ದ. "ಕಲ್ಲಿನ ಮೇಲೆ ಬರೆದಿದ್ದು ಸುಳ್ಳಾ ಮೇಡಂ? ನಾನು ಕೈ ಬಿಟ್ನಾ? ಒಂದು ಗಂಟೆ ಹಿಡ್ಕೊಂಡಿದ್ದೆ."

"ಹಿಡ್ಕೊಂಡಿದ್ದೆ. ಅದೇ ನನಗೆ ಅರ್ಥವಾಗದೆ ಇದ್ದದ್ದು. ಕೈ ಬಿಟ್ಟಿದ್ರೆ ಐದು ನಿಮಿಷದ ಕೆಲಸ."

ಅವನು ಅತ್ತಿಗೆಯ ಕಡೆ ನೋಡಲಿಲ್ಲ. ತೊಳೆದ ನೆಲಕ್ಕೇ ಹೇಳಿದ. "ಐದೇ ನಿಮಿಷ ಯಾಕೆ ಕೊಡ್ಲಿ? ಇಪ್ಪತ್ತೆರಡು ವರ್ಷ ಸ್ಟೆಪ್ನಿ ಅನ್ನಿಸ್ಕೊಂಡೆ. ನಾನು ಗದ್ದ ಎತ್ತಿದ್ದನ್ನ ಅವನು ನೋಡ್ದ. ತುಳಿದದ್ದನ್ನೂ ನೋಡ್ದ. ಕಿವಿ ಹತ್ತಿರ ಬಗ್ಗಿ ಹೇಳ್ದೆ, ‘ಬರ್ತಾರೆ ಅಣ್ಣ, ಬೆಟ್ಟದಾಚೆ ಹೋಗಿ ಬರ್ತಾರೆ’ ಅಂತ. ಆಮೇಲೂ ಹತ್ತು ನಿಮಿಷ ಕಣ್ಣು ಬಿಟ್ಕೊಂಡಿದ್ದ. ಅಷ್ಟು ಹೊತ್ತು ಅವನು ಯಾವತ್ತೂ ನನ್ನ ಮುಖ ನೋಡಿರಲಿಲ್ಲ."

ಇನ್ಸ್‌ಪೆಕ್ಟರ್ ಅವನ ರಟ್ಟೆ ಹಿಡಿದು ಎಬ್ಬಿಸಿದ. ಮೆಕ್ಯಾನಿಕ್ ತನ್ನ ಫೋನನ್ನು ಅಂಗಿಗೆ ಒರೆಸುತ್ತಲೇ ಇದ್ದ.

"ನಾನು ಬೇಗ ಬಂದಿದ್ರೆ, ಆ ಸದ್ದು ಆರಿಸಿದ್ರೆ?" ಎಂದು ಹೆಂಡತಿ ಕೇಳಿದಳು.

"ಕೇಳಿಸ್ತಿತ್ತು," ಎಂದರು ಅತ್ತಿಗೆ.

ಜೀಪು ಹೋದ ಮೇಲೆ ಆಪರೇಟರ್ ಕಂಬ ಬಿಟ್ಟು ಬಂದಳು. "ನನ್ನ ಮೇಲಿನ ದೂರು ಹೋಯ್ತು ಅಲ್ವಾ ಮೇಡಂ?"

"ಹೋಯ್ತು. ಶಾಲೆಗೆ ಹೋಗು ಅಂತ ಮಗಳಿಗೆ ಹೇಳು."

"ಅವರು ಮುರುಕು ಸೇತುವೆ ಅಂದಿದ್ದು..." ಅವಳು ನಿಲ್ಲಿಸಿ, ಮತ್ತೆ ಕೇಳಿದಳು. "ಅದನ್ನ ನನಗೇ ಹೇಳಿದ್ದಾ?"

ಇಲ್ಲ ಅನ್ನಿ, ಎಂದು ನಾದಿನಿ ಮನಸ್ಸಿನಲ್ಲೇ ಬೇಡಿಕೊಂಡಳು. ಒಂದೇ ಒಂದು ಸಲ, ಇಲ್ಲ ಅನ್ನಿ.

"ನಿನಗೇ," ಎಂದರು ಅತ್ತಿಗೆ. "ಯಂತ್ರ ಶುರುವಾಗೋಕೆ ಮೊದಲು, ಎರಡು ಸಲ. ‘ಅವರೇನಂತಿದಾರೆ’ ಅಂತ ನೀನು ಕೇಳಿದ್ರೆ ಸಾಕಿತ್ತು."

ಕಾರಿನಲ್ಲಿ ಕೂತ ಮೇಲೆ ನಾದಿನಿಗೆ ತಡೆಯಲಾಗಲಿಲ್ಲ. "ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅತ್ತಿಗೆ?"

"ಕೇಳಿದ್ಲು, ಹೇಳಿದೆ," ಎಂದು ಅತ್ತಿಗೆ ಕಾರು ಹೊರಡಿಸಿದರು.

ರಸ್ತೆಯಾಚೆ, ಮೂವತ್ತೊಂದನೇ ಕಲ್ಲಿನ ಪಕ್ಕ ಆಪರೇಟರ್ ನಿಂತಿದ್ದಳು. ಮನೆಗೆ ಹೋಗಲು ಟ್ಯಾಕ್ಸಿ ಕರೆಸುತ್ತಿದ್ದಳೇನೋ. ಎಲ್ಲಿದ್ದೀರಿ ಎಂದು ಆ ಕಡೆಯವನು ಕೇಳಿರಬೇಕು. ಅವಳು ಕಲ್ಲಿಗೆ ಬೆನ್ನು ಹಾಕಿ, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಿದ್ದುದು ತೆರೆದ ಕಿಟಕಿಯಿಂದ ನಾದಿನಿಗೆ ಕೇಳಿಸಿತು.

"ಮುರುಕು ಸೇತುವೆ," ಎನ್ನುತ್ತಿದ್ದಳು. "ಮುರುಕು ಸೇತುವೆ."